ಘಾಟಿಯ ನೆತ್ತಿಯಿಂದ ಮುಳ್ಳುಹಂದಿ

ಬೊಲೊನ್ಯ, ಆಸ್ಪತ್ರೆಯ ಎರಡನೇ ಮಹಡಿ
3 ಡಿಸೆಂಬರ್ 1978

ದೆಸೊಲಿನಾ,

ಯಾರ ಕೈಯಲ್ಲಾದರೂ ಬರೆಸೋಣ ಎಂದಿದ್ದೆ. ಕೈ ಎರಡೂ ನೆಟ್ಟಗಿರುವಾಗ ಇನ್ನೊಬ್ಬರ ಹಂಗೇಕೆ ಎಂದು ನಾನೇ ಬರೆಯುತ್ತಿದ್ದೇನೆ. ಬಲಗಾಲನ್ನು ಮೇಲಕ್ಕೆ ತೂಗುಹಾಕಿದ್ದಾರೆ. ನನ್ನ ಲಾರಿಯಿಂದ ದಿಮ್ಮಿ ಉರುಳಿ ಬಿದ್ದದ್ದು ಮೊಣಕಾಲಿನ ಕೆಳಗೆ, ಮೂಳೆ ಎರಡು ಕಡೆ ಮುರಿದಿದೆ. ಈಸ್ಟರ್ ಹೊತ್ತಿಗೆ ಮನೆಗೆ ಬರುತ್ತೇನೆ. ಕಾಲಿನ ವಿಷಯ ಇಷ್ಟು ಸಾಕು.

ಈಗ ಕೆಲಸದ ಮಾತು. ನಾನು ಮಲಗಿ ಹದಿಮೂರು ದಿನವಾಯಿತು. ಹದಿಮೂರು ಬೆಳಗು ಹದಿನಾಲ್ಕನೇ ಚಾನೆಲ್‌ನಲ್ಲಿ ಕ್ರೋಚೆ ಘಾಟಿಯ ಸುದ್ದಿ ಹೇಳುವವರು ಯಾರೂ ಇಲ್ಲ. ಶಾಲೆ ಮಕ್ಕಳ ಬಸ್ಸು, ಹಾಲಿನ ಲಾರಿ, ಎಲ್ಲವೂ ಕುರುಡಾಗಿ ಘಾಟಿ ಹತ್ತುತ್ತಿವೆ. ಅಡುಗೆಮನೆ ಕಪಾಟಿನ ಮೇಲಿರುವ ಸಿ.ಬಿ. ರೇಡಿಯೋವನ್ನು ನೀನು ಆರು ವರ್ಷ ನನ್ನ ಆಟದ ಸಾಮಾನು ಎಂದು ಹಂಗಿಸಿದ್ದೀಯ. ಈಗ ನೀನೇ ಅದರ ಮುಂದೆ ಕೂರಬೇಕು. ಬೇರೆ ಯಾರನ್ನೂ ನಾನು ನಂಬುವುದಿಲ್ಲ. ಬೆಳಗ್ಗೆ ಆರಕ್ಕೆ ಶುರುಮಾಡು, ಆರೂವರೆಗೆ ಮುಗಿಸು.

ರೇಡಿಯೋ ಹಾಕಿದ ಕೂಡಲೇ ಬಾಯಿ ಹಾಕಬೇಡ. ಮೊದಲು ಕೇಳಿಸಿಕೋ. ಯಾರಾದರೂ ಮಾತಾಡುತ್ತಿದ್ದರೆ ಅವರು ಮುಗಿಸಲಿ. ಮುಗಿಸಿದ ಮೇಲೂ ಮನಸ್ಸಿನಲ್ಲಿ ಮೂರು ಎಣಿಸಿ ಆಮೇಲೆ ಮೈಕಿನ ಗುಂಡಿ ಒತ್ತು. ಆ ಮೂರು ಎಣಿಕೆ ಯಾಕೆಂದರೆ, ಎಲ್ಲಾದರೂ ಯಾರಿಗಾದರೂ ಅವಸರವಿದ್ದರೆ ಆ ಸಂದಿನಲ್ಲಿ ಅವರು "ಬ್ರೇಕ್" ಅನ್ನಬಹುದು. ಬ್ರೇಕ್ ಕೇಳಿದರೆ ಊರಿನ ಮೇಯರ್ ಮಾತಾಡುತ್ತಿದ್ದರೂ ಬಾಯಿ ಮುಚ್ಚಬೇಕು. ಇನ್ನೊಂದು, ಒಬ್ಬರು ಗುಂಡಿ ಒತ್ತಿರುವಷ್ಟು ಹೊತ್ತು ಅವರ ಕಿವಿ ಮುಚ್ಚಿರುತ್ತದೆ, ಅವರಿಗೆ ಯಾರ ಮಾತೂ ಕೇಳುವುದಿಲ್ಲ. ಆದ್ದರಿಂದ ಚುಟುಕಾಗಿ ಮಾತಾಡು. ಇದು ನಿನಗೆ ಕಷ್ಟ ಎಂದು ಗೊತ್ತು. ನಿಜವಾದ ಹೆಸರು ಯಾರದ್ದೂ ಬೇಡ. ನಾನು ಅಲ್ಲಿ ಗೂಬೆ, ಬಸ್ಸಿನ ಫುಲ್ಜೆಂತ್ಸಿಯೊ ಜನರಲ್, ಹಾಲಿನ ಲಾರಿಯ ಒತ್ತೊರೀನೊ ಕೆನೆ.

ಇದೆಲ್ಲ ಮನೆಯೊಳಗಿಂದಲೇ. ಜೀಪು ಮುಟ್ಟಬೇಡ.

ಇಲಾರಿಯೊ

*

ಮೊಂತರ್ಸೊ
10 ಡಿಸೆಂಬರ್ 1978

ಇಲಾರಿಯೊ,

ನಿನ್ನ ಕಾಗದ ಗುರುವಾರ ಬಂತು. ಶುಕ್ರವಾರವೇ ಆರಕ್ಕೆ ರೇಡಿಯೋ ಹಾಕಿದೆ. ಹೇಳಿದಂತೆ ಮೊದಲು ಕೇಳಿಸಿಕೊಂಡೆ. ಕೆಮ್ಮು, ಬೈಗುಳ, ಇಂಜಿನ್ ಸದ್ದು, ಯಾರೋ ಸೀನಿದ್ದು. ಇದನ್ನು ಕೇಳುವುದಕ್ಕಾಗಿ ನನ್ನ ಗಂಡ ಆರು ವರ್ಷ ಪೊಲೆಂತ ಮುದ್ದೆ ತಣ್ಣಗಾಗಲು ಬಿಟ್ಟು ಕೂರುತ್ತಿದ್ದನೇ ಎಂದು ತಲೆ ಚಚ್ಚಿಕೊಂಡೆ.

ಮೂರು ಎಣಿಸಿ ಗುಂಡಿ ಒತ್ತಿ, "ಗೂಬೆ ಮನೆಯಿಂದ ಮಾತಾಡ್ತಿದೀನಿ. ಘಾಟಿ ಮೇಲೆ ಹಿಮ ಇಲ್ಲ, ಮಂಜು ಕವಿದಿದೆ," ಎಂದೆ.

ಆಮೇಲೆ ಜನರಲ್ ಬಂದ.

"ಅಡುಗೆಮನೆ ಕಿಟಕಿಯಿಂದಾನೇ ಘಾಟಿ ಕಾಣುತ್ತೇನಮ್ಮಾ? ಒಲೆ ಮೇಲೇನಿದೆ ಅಂತ ಹೇಳಿಬಿಡಿ, ಅದಾದ್ರೆ ನಂಬ್ತೀನಿ."

"ಒಲೆ ಮೇಲೆ ಕಾಫಿ ಇದೆ. ನಿಮಗಿಲ್ಲ," ಎಂದೆ.

"ಅಬ್ಬಾ! ಮುಟ್ಟಿದ್ರೆ ಚುಚ್ಚುತ್ತಲ್ಲಪ್ಪಾ ಇದು! ಮುಳ್ಳುಹಂದಿ!"

ಕೆನೆ, ಮರದ ಮಿಲ್ಲಿನವರು, ಎಲ್ಲರೂ ಸೇರಿ ನಕ್ಕರು. ನಕ್ಕು ಮುಗಿಯಲಿ ಎಂದು ಕಾದೆ. ಮತ್ತೆ ಮೂರು ಎಣಿಸಿದೆ. "ಆಗ್ಲಿ, ಇವತ್ತಿಂದ ನಾನು ಮುಳ್ಳುಹಂದಿ. ಎಲ್ಲರೂ ನೆನಪಿಟ್ಕೊಳ್ಳಿ. ನಾಳೆ ಆರಕ್ಕೆ ಬರ್ತೀನಿ," ಎಂದು ಆರಿಸಿದೆ.

ಆದರೆ ಒಂದು ಮಾತು ಮನಸ್ಸಿಗೆ ನಾಟಿತು. ಜನರಲ್ ಹೇಳಿದ್ದು ನಿಜ, ಕಿಟಕಿಯಿಂದ ಘಾಟಿ ಕಾಣುವುದಿಲ್ಲ. ನೀನು ಬೆಳಗಾಗುವ ಮೊದಲೇ ಜೀಪಿನಲ್ಲಿ ನೆತ್ತಿಯವರೆಗೆ ಹೋಗಿ ನೋಡಿ, ಜೀಪಿನ ರೇಡಿಯೋದಿಂದಲೇ ಹೇಳುತ್ತಿದ್ದೆ. ನಾನು ಅಂದಾಜಿನ ಮೇಲೆ ಹೇಳುತ್ತಿದ್ದೇನೆ. ಬಸ್ಸಿನಲ್ಲಿ ಮೂವತ್ತು ಜನರಿರುತ್ತಾರೆ. ಇದಕ್ಕೊಂದು ದಾರಿ ಹುಡುಕುತ್ತೇನೆ, ನೀನು ತಲೆ ಕೆಡಿಸಿಕೊಳ್ಳಬೇಡ.

ನಿನ್ನೆ ಇನ್ನೊಂದು ಆಯಿತು. ಕೆನೆಯ ಮೈಕು ಸೀಟಿನ ಸಂದಿಗೆ ಬಿದ್ದು ಗುಂಡಿ ಒತ್ತಿಕೊಂಡುಬಿಟ್ಟಿತ್ತು. ಅವನಿಗೆ ಗೊತ್ತಿಲ್ಲ. ಹೆಂಡತಿಯ ಹತ್ತಿರ ಹೇಗೆ ತಪ್ಪೊಪ್ಪಿಕೊಳ್ಳುವುದು ಎಂದು ಒಬ್ಬನೇ ಅಭ್ಯಾಸ ಮಾಡುತ್ತಾ ಹೋಗುತ್ತಿದ್ದ. "ಚಿನ್ನಾ, ನಿಮ್ಮಮ್ಮನ್ನ ಹೇಸರಗತ್ತೆ ಅಂದಿದ್ದು ಪ್ರೀತಿಯಿಂದ" ಎಂದು ನಾಲ್ಕು ಥರ ಹೇಳಿ ನೋಡಿದ. ಕಾಲು ಗಂಟೆ ಎಲ್ಲರೂ ಕೇಳಿದೆವು. ಅವನಿಗೆ ತಿಳಿಸುವುದು ಹೇಗೆ? ಅವನ ಕಿವಿ ಮುಚ್ಚಿತ್ತಲ್ಲ?

ಕಾಲು ಹೇಗಿದೆ? ಎರಡು ಸಾಲು ಜಾಸ್ತಿ ಬರೆ.

ದೆಸೊಲಿನಾ

*

ಬೊಲೊನ್ಯ
16 ಡಿಸೆಂಬರ್ 1978

ದೆಸೊಲಿನಾ,

ಅಕ್ಷರ ಸೊಟ್ಟಗಾಗಿದ್ದರೆ ಮಂಚ ಸೊಟ್ಟಗಿದೆ ಎಂದುಕೋ. ಕಾಲಿಗೆ ಚಿಕಿತ್ಸೆ ನಡೆಯುತ್ತಿದೆ.

ಮುಳ್ಳುಹಂದಿ ಒಳ್ಳೆಯ ಹೆಸರು. ನಾನಾಗಿದ್ದರೂ ಅದನ್ನೇ ಇಡುತ್ತಿದ್ದೆ. ಜನರಲ್ ಜೊತೆ ಚಾನೆಲ್‌ನಲ್ಲಿ ಜಗಳಕ್ಕೆ ನಿಲ್ಲಬೇಡ. ಒರಟು ಮಾತಿಗೆ ಉತ್ತರ ಕೊಡದಿರುವುದೇ ಅಲ್ಲಿ ದೊಡ್ಡ ಉತ್ತರ. ಸುದ್ದಿ ಹೇಳು, ಅವನಿಗೂ ಸೇರಿಸಿ ಹೇಳು, ಆರಿಸು.

ಮೈಕು ಸಿಕ್ಕಿಕೊಂಡವರ ವಿಷಯ. ಅದಕ್ಕೆ ನಾನೇ ಒಂದು ಪದ್ಧತಿ ಮಾಡಿಟ್ಟಿದ್ದೇನೆ. ಹತ್ತಿರ ಇರುವವರು ಖುದ್ದಾಗಿ ಅವರಿದ್ದಲ್ಲಿಗೆ ಹೋಗಬೇಕು. ಹೋಗಿ "ಮೈಕು" ಎಂಬ ಒಂದೇ ಮಾತು ಹೇಳಿ ವಾಪಸ್ಸು ಬರಬೇಕು. ಕೇಳಿಸಿಕೊಂಡದ್ದನ್ನು ಯಾರೂ ಯಾವತ್ತೂ ಎತ್ತಬಾರದು, ಅವರ ಮುಂದೆಯೂ ಇಲ್ಲ, ಬೆನ್ನ ಹಿಂದೆಯೂ ಇಲ್ಲ. ನಾಲ್ಕು ವರ್ಷದ ಹಿಂದೆ ಹಾಗೆ ಕೇಳಿದ ಮಾತು ಬಾರಿನಲ್ಲಿ ಹರಡಿ ಎರಡು ಮನೆಯವರು ಇವತ್ತಿಗೂ ಮುಖ ನೋಡುತ್ತಿಲ್ಲ. ಅಂದಿನಿಂದ ಈ ಪದ್ಧತಿಯನ್ನು ಕಣಿವೆಯಲ್ಲಿ ಒಬ್ಬರೂ ಮುರಿದಿಲ್ಲ. ನೀನು ನನಗೆ ಕೆನೆಯ ಮಾತನ್ನು ಬರೆದದ್ದೂ ತಪ್ಪೇ. ನಾನು ಓದಿಲ್ಲ ಎಂದುಕೊಳ್ಳುತ್ತೇನೆ. (ಹೇಸರಗತ್ತೆ ಎಂದದ್ದು ಸರಿಯಾಗಿಯೇ ಇದೆ.)

ಕ್ರಿಸ್‌ಮಸ್‌ಗೆ ಬರಬೇಡ. ರಸ್ತೆ ಚೆನ್ನಾಗಿರುವುದಿಲ್ಲ.

ಇಲಾರಿಯೊ

*

ಮೊಂತರ್ಸೊ
8 ಜನವರಿ 1979

ಇಲಾರಿಯೊ,

ನೀನಿಲ್ಲದ ಕ್ರಿಸ್‌ಮಸ್ ಹೇಗಿತ್ತು ಎಂದು ಬರೆಯುವುದಿಲ್ಲ. ಗುರುವಾರ ನಡೆದದ್ದನ್ನು ಬರೆಯುತ್ತೇನೆ.

ಬುಧವಾರ ಇಡೀ ರಾತ್ರಿ ಹಿಮ ಬಿತ್ತು. ಬೆಳಗ್ಗೆ ಆರಕ್ಕೆ ನಾನು ಹೇಳಿದೆ, "ಸಂತ ರೊಕ್ಕೊ ತಿರುವಲ್ಲಿ ಹಿಮದ ಕೆಳಗೆ ಗಾಜಿನ ಥರ ಗಡ್ಡೆ ಕಟ್ಟಿದೆ. ಚಕ್ರಕ್ಕೆ ಚೈನು ಹಾಕದೆ ಯಾರೂ ಹತ್ತಬೇಡಿ." ರಸ್ತೆ ಕೆಲಸದವರನ್ನು ಕೇಳಿ ಹೇಳಿದೆ.

ಎಲ್ಲರೂ ಸರಿ ಎಂದರು. ಜನರಲ್ ಮಾತ್ರ, "ಇಪ್ಪತ್ತೆರಡು ವರ್ಷದಿಂದ ಈ ತಿರುವು ನನ್ನ ಮನೆ ಅಂಗಳ ಕಣಮ್ಮಾ, ನೀವು ಪೊಲೆಂತ ತಿರುವಿಹಾಕಿ," ಎಂದ. ನೀನು ಹೇಳಿದಂತೆ ಉತ್ತರ ಕೊಡಲಿಲ್ಲ. ನಾಲಿಗೆ ಕಚ್ಚಿ ಹಿಡಿದುಕೊಂಡೆ, ಈಗಲೂ ನೋಯುತ್ತಿದೆ.

ಇಪ್ಪತ್ತು ನಿಮಿಷ ಕಳೆಯಿತು. ಆಮೇಲೆ ತೀರಾ ಸಣ್ಣ ದನಿಯಲ್ಲಿ, "ಬ್ರೇಕ್. ಮುಳ್ಳುಹಂದಿಗೆ ಜನರಲ್. ಬ್ರೇಕ್."

ಮೂರು ಎಣಿಸಬೇಕಿತ್ತು. ನಾನು ಐದು ಎಣಿಸಿದೆ. ನಿನ್ನಾಣೆ, ಎರಡು ಹೆಚ್ಚು ಎಣಿಸಿದ್ದಕ್ಕೆ ನನಗೆ ಒಂದು ಚೂರೂ ಪಶ್ಚಾತ್ತಾಪವಿಲ್ಲ.

"ಹೇಳಿ ಜನರಲ್."

"ಬಸ್ಸಿನ ಹಿಂಭಾಗ ಚರಂಡಿಗೆ ಇಳಿದಿದೆ. ಯಾರಿಗೂ ಪೆಟ್ಟಾಗಿಲ್ಲ. ಚಳಿ ಜಾಸ್ತಿ, ಮಕ್ಕಳಿದಾವೆ."

"ಇಂಜಿನ್ ಆರಿಸ್ಬೇಡಿ. ಮಿಲ್ಲಿನ ಟ್ರ್ಯಾಕ್ಟರ್ ಕಳಿಸ್ತೀನಿ. ಮಕ್ಕಳಿಗೆ ಹಾಡು ಹೇಳ್ಕೊಡಿ, ನಿಮ್ಮ ಭಾಷಣ ಬೇಡ."

ಮುಕ್ಕಾಲು ಗಂಟೆಯಲ್ಲಿ ಟ್ರ್ಯಾಕ್ಟರ್ ಬಸ್ಸನ್ನು ಎಳೆದು ರಸ್ತೆಗೆ ತಂದಿತು. ಮರುದಿನ ಜನರಲ್, "ಮುಳ್ಳುಹಂದಿ, ಇವತ್ತು ಚೈನು ಬೇಕಾ?" ಎಂದು ಕೇಳಿದ. ಎಷ್ಟು ಸುಖವಾಯಿತೆಂದರೆ, ಆ ದಿನ ಹಸಿವೇ ಆಗಲಿಲ್ಲ. ಈಗ ಆರು ಗಂಟೆಗೆ ನನಗಾಗಿ ಹತ್ತು ಜನ ಕಾಯುತ್ತಾರೆ. ನೀನು ಈ ರೇಡಿಯೋಗೆ ಯಾಕೆ ಅಂಟಿಕೊಂಡಿದ್ದೆ ಎಂದು ಈಗ ತಿಳಿಯಿತು.

ದೆಸೊಲಿನಾ

*

ಬೊಲೊನ್ಯ
15 ಜನವರಿ 1979

ದೆಸೊಲಿನಾ,

ನನ್ನ ಕಾಲಿಗೆ ಪೆಟ್ಟು ಬಿದ್ದಿದೆ, ತಲೆಗಲ್ಲ. ಸಂತ ರೊಕ್ಕೊ ತಿರುವು ಇರುವುದು ಗುಡ್ಡದ ಆಚೆ ಮಗ್ಗುಲಲ್ಲಿ. ನಮ್ಮ ಮನೆಯ ಆಂಟೆನಾದಿಂದ ಅಲ್ಲಿಗೆ ಒಂದು ಅಕ್ಷರವೂ ತಲುಪುವುದಿಲ್ಲ, ಅಲ್ಲಿಂದ ಒಂದು ಅಕ್ಷರವೂ ಬರುವುದಿಲ್ಲ. ಆರು ವರ್ಷದ ಅನುಭವ ನನ್ನದು. ಜನರಲ್‌ನ ಬ್ರೇಕ್ ನಿನಗೆ ಕೇಳಿಸಬೇಕಾದರೆ ನೀನು ಇದ್ದದ್ದು ಒಂದೇ ಜಾಗದಲ್ಲಿ: ಘಾಟಿಯ ನೆತ್ತಿಯ ಮೇಲೆ, ನನ್ನ ಜೀಪಿನೊಳಗೆ. ರಸ್ತೆ ಕೆಲಸದವರಂತೆ!

ಎಷ್ಟು ದಿನದಿಂದ ನಡೆದಿದೆ ಇದು? ಹಿಮದಲ್ಲಿ, ಕತ್ತಲಲ್ಲಿ, ಒಬ್ಬಳೇ! ಆ ಜೀಪಿನ ಬ್ರೇಕು ಎಡಕ್ಕೆ ಎಳೆಯುತ್ತದೆ ಎಂದಾದರೂ ಗೊತ್ತೇ?

ಇಲ್ಲಿ ಎಲ್ಲ ಚೆನ್ನಾಗಿದೆ. ಡಾಕ್ಟರರಿಗೆ ಸಂತೋಷವಾಗಿದೆ. ಬಿಡುಗಡೆಯಾದ ಮೇಲೆ ಕೆಲವು ತಿಂಗಳು ಟ್ಯೂರಿನ್‌ನಲ್ಲಿ ತಮ್ಮ ಗಾಸ್ಪರೆಯ ಮನೆಯಲ್ಲಿರೋಣ ಎಂದುಕೊಂಡಿದ್ದೇನೆ. ಅವನ ಕಟ್ಟಡದಲ್ಲಿ ಲಿಫ್ಟ್ ಇದೆ. ಬಾಗಿಲಲ್ಲಿ ಕೂತು ಬಂದವರ ಹೆಸರು ಬರೆದುಕೊಳ್ಳುವ ಕೆಲಸವೊಂದು ಖಾಲಿ ಇದೆಯಂತೆ. ಘಾಟಿಯ ಕೆಲಸ ನೀನು ಚೆನ್ನಾಗಿಯೇ ನಡೆಸುತ್ತಿದ್ದೀಯಲ್ಲ.

ಇಲಾರಿಯೊ

*

ಮೊಂತರ್ಸೊ
22 ಜನವರಿ 1979

ಇಲಾರಿಯೊ,

ಡಿಸೆಂಬರ್ ಹದಿಮೂರರಿಂದ. ಬ್ರೇಕು ಎಡಕ್ಕೆ ಎಳೆಯುತ್ತದೆ ಎಂದು ಹದಿಮೂರನೇ ತಾರೀಕೇ ಗೊತ್ತಾಯಿತು, ನಮ್ಮ ಬೇಲಿಗೂ ಗೊತ್ತಾಯಿತು. ಹದಿನಾಲ್ಕಕ್ಕೆ ಅದನ್ನು ಸರಿಮಾಡಿಸಿದೆ. ನನ್ನ ಹತ್ತಿರ ಲೈಸೆನ್ಸ್ ಇದೆ ಕಣೋ. ಮದುವೆಗೆ ಮೊದಲೇ, 1963ರಲ್ಲಿ ಮಾಡಿಸಿದ್ದು. ಹದಿನೈದು ವರ್ಷ ಅದು ಲಿನನ್ ಬಟ್ಟೆಗಳ ಪೆಟ್ಟಿಗೆಯ ತಳದಲ್ಲಿತ್ತು. ನೀನು ಕೀಲಿಕೈ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೆ, ನಾನು ಕೇಳಲಿಲ್ಲ. ಕೇಳದಿದ್ದದ್ದು ನನ್ನ ತಪ್ಪು. ಇನ್ನು ಮುಂದೆ ಕೇಳುವುದೂ ಇಲ್ಲ.

ಟ್ಯೂರಿನ್ ಯಾಕೆ? ಘಾಟಿಯಲ್ಲಿ ಹುಟ್ಟಿದವನು ಲಿಫ್ಟ್ ಇಟ್ಟುಕೊಂಡು ಏನು ಮಾಡುತ್ತೀಯ? ಪ್ಲಾಸ್ಟರ್ ಬಿಚ್ಚಿದ ಕಾಲು ಎರಡು ತಿಂಗಳಲ್ಲಿ ನಡೆಯುತ್ತದೆ, ನಮ್ಮ ಮನೆಗೆ ಇರುವುದು ನಾಲ್ಕೇ ಮೆಟ್ಟಿಲು. ನಾನು ನಿನ್ನ ರೇಡಿಯೋ ಹಿಡಿದುಕೊಂಡೆ ಎಂದು ಸಿಟ್ಟೇ? ಸಿಟ್ಟಾದರೆ ಬಂದು ನನ್ನೆದುರು ಸಿಟ್ಟು ಮಾಡು.

ಬರುವ ತಿಂಗಳ ಮೊದಲ ಭಾನುವಾರ ಬರುತ್ತಿದ್ದೇನೆ.

ದೆಸೊಲಿನಾ

*

ಬೊಲೊನ್ಯ
26 ಜನವರಿ 1979

ದೆಸೊಲಿನಾ,

ಬರಬೇಡ. ವಾರ್ಡಿನಲ್ಲಿ ಜ್ವರ ಹಬ್ಬಿದೆ, ಯಾರನ್ನೂ ಒಳಗೆ ಬಿಡುತ್ತಿಲ್ಲ. ಬಂದರೂ ಬಾಗಿಲಿನಿಂದ ವಾಪಸ್ಸು ಹೋಗಬೇಕು.

ಸಿಟ್ಟಿಲ್ಲ. ಬರಬೇಡ ಅಷ್ಟೇ.

ಇಲಾರಿಯೊ

*

ಮೊಂತರ್ಸೊ
20 ಫೆಬ್ರವರಿ 1979

ಇಲಾರಿಯೊ,

ಈ ಕಾಗದವನ್ನು ಆರು ದಿನದಿಂದ ಬರೆದು ಹರಿಯುತ್ತಿದ್ದೇನೆ. ಇವತ್ತು ಹರಿಯುವುದಿಲ್ಲ ಎಂದು ತೀರ್ಮಾನಿಸಿ ಕೂತಿದ್ದೇನೆ.

ನೀನು ಬರಬೇಡ ಎಂದ ಮೇಲೆ ನಾನು ವಾರ್ಡಿನ ಸಿಸ್ಟರ್ ಪಿಯೆರೀನಾಗೆ ಬರೆದೆ. ಜ್ವರ ಎಷ್ಟು ದಿನ ಇರುತ್ತದೆ ಎಂದಷ್ಟೇ ಕೇಳಿದ್ದೆ. ಪಾಪ, ಅವರಿಗೆ ನನಗೆ ಗೊತ್ತಿಲ್ಲ ಎಂಬುದು ಗೊತ್ತಿಲ್ಲ. ಜ್ವರವೇನೂ ಇಲ್ಲ, ನಿಮ್ಮ ಯಜಮಾನರ ಕಾಲು ತೆಗೆದ ಗಾಯ ಚೆನ್ನಾಗಿ ಮಾಗುತ್ತಿದೆ, ಆದರೆ ಅವರು ಯಾರ ಜೊತೆಗೂ ಮಾತಾಡುವುದಿಲ್ಲ, ನೀವು ಬಂದರೆ ಒಳ್ಳೆಯದು ಎಂದು ಬರೆದರು. ಗಾಯಕ್ಕೆ ನಂಜೇರಿ ಡಿಸೆಂಬರ್ ಹನ್ನೆರಡರಂದು ತೆಗೆದರಂತೆ. ಅಂದರೆ ನಾಲ್ಕು ದಿನದ ಮೇಲೆ ನೀನು ನನಗೆ ಮಂಚ ಸೊಟ್ಟಗಿದೆ ಎಂದು ಬರೆದೆ.

ಸಿಸ್ಟರ್ ಕಾಗದ ನನಗೆ ಈ ತಿಂಗಳ ಹದಿಮೂರರ ಸಂಜೆ ಬಂತು. ಹದಿನಾಲ್ಕರ ಬೆಳಗ್ಗೆ ಎಂದಿನಂತೆ ಘಾಟಿ ಹತ್ತಿದೆ, ಸುದ್ದಿ ಹೇಳಿದೆ, ಮೈಕನ್ನು ಸೀಟಿನ ಮೇಲಿಟ್ಟೆ. ಅದರ ಮೇಲೆ ಚೈನಿನ ಚೀಲ ಜಾರಿ ಬಿದ್ದದ್ದು ನನಗೆ ಕಾಣಲಿಲ್ಲ. ರೇಡಿಯೋ ಮೌನವಾಗಿತ್ತು. ಎಲ್ಲರೂ ಕೆಲಸಕ್ಕೆ ಹೋದರು ಎಂದುಕೊಂಡೆ. ಸಿಸ್ಟರ್ ಕಾಗದ ತೆಗೆದು ಇನ್ನೊಂದು ಸಲ ಓದಿದೆ. ಗಟ್ಟಿಯಾಗಿಯೇ ಓದಿದೆ. ಆಮೇಲೆ ನಿನಗೆ ಬೈದೆ. ನಮ್ಮ ಮದುವೆಯಾದ ದಿನದಿಂದ ಬಾಕಿ ಇಟ್ಟಿದ್ದ ಬೈಗುಳವನ್ನೆಲ್ಲ ಬೈದೆ. ಸುಳ್ಳ, ಹೇಡಿ, ಹೆಂಡತಿಗೆ ಮುಖ ತೋರಿಸಲಾಗದೆ ಟ್ಯೂರಿನ್‌ನ ಬಾಗಿಲಲ್ಲಿ ಅವಿತುಕೊಳ್ಳುವವನು, ಎಂದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಅತ್ತೆ. ಅಳುತ್ತಾ, "ದೇವರೇ, ನನಗೆ ಭಯ ಆಗ್ತಿದೆ. ಆ ಮೊಂಡುಗಾಲು ನೋಡೋಕೆ ನನ್ನ ಕೈಲಿ ಆಗಲ್ಲ. ಅವನು ಬಾ ಅಂದಿದ್ರೂ ಹೋಗ್ತಿದ್ನೋ ಇಲ್ವೋ ಗೊತ್ತಿಲ್ಲ," ಎಂದೆ. ಒಂದು ಸಲವಲ್ಲ, ಎಷ್ಟೋ ಸಲ.

ಬಸ್ಸು ಹತ್ತಿ ಬಂತು. ನೆತ್ತಿಯಲ್ಲಿ ಅದು ನಿಲ್ಲುವುದಿಲ್ಲ, ಅವತ್ತು ನಿಂತಿತು. ಜನರಲ್ ಕೆಳಗಿಳಿದು, ಹಿಮದಲ್ಲಿ ಕಾಲು ಹೂತುಕೊಂಡು ನಡೆದು ಬಂದು ಗಾಜು ತಟ್ಟಿದ. ಟೋಪಿ ಕೈಯಲ್ಲಿತ್ತು. ನನ್ನ ಮುಖ ನೋಡಲಿಲ್ಲ.

"ಮೈಕು," ಎಂದ. ಹೊರಟುಹೋದ.

ನಾನು ಬಸ್ಸಿನ ಕಡೆ ನೋಡಿದೆ. ಮೂವತ್ತು ಜನ ಮೂವತ್ತು ಕಡೆ ನೋಡುತ್ತಿದ್ದರು. ಪಾದ್ರಿಗಳ ತಂಗಿ ಕೈಚೀಲದೊಳಗೆ ತಲೆಯನ್ನೇ ಇಟ್ಟುಬಿಟ್ಟಿದ್ದಳು. ಚಾಲಕನ ಪಕ್ಕದ ರೇಡಿಯೋದಲ್ಲಿ ಅವರೆಲ್ಲ ಇಪ್ಪತ್ತೈದು ನಿಮಿಷ ನನ್ನನ್ನು ಕೇಳಿದ್ದರು.

ಮರುದಿನ ಆರಕ್ಕೆ ಗುಂಡಿ ಒತ್ತಲು ಕೈ ಬರಲಿಲ್ಲ. ಆದರೂ ಒತ್ತಿದೆ. ಎರಡು ತಿಂಗಳು ಗೋಳು ಹೊಯ್ದುಕೊಂಡವರು, "ನಮಸ್ಕಾರ ಸಿನ್ಯೋರಾ", "ವಂದನೆಗಳು ಸಿನ್ಯೋರಾ" ಎಂದರು. ಒಬ್ಬನೂ ಮುಳ್ಳುಹಂದಿ ಎನ್ನಲಿಲ್ಲ. ಬಾಗಿಲ ಮುಂದೆ ಯಾರೋ ಬಿಸಿ ರಿಕೊಟ್ಟ ಗಿಣ್ಣು ಇಟ್ಟು ಹೋಗಿದ್ದರು. ಆ ಮರ್ಯಾದೆ ನನಗೆ ಸಹಿಸಲಾಗಲಿಲ್ಲ. ಮೂರನೇ ದಿನ ಮೈಕು ಹಿಡಿದು, "ನನ್ನನ್ನ ಸಿನ್ಯೋರಾ ಅಂದವರಿಗೆ ನಾಳೆಯಿಂದ ಹಿಮದ ಸುದ್ದಿ ಇಲ್ಲ," ಎಂದೆ. ಕೆನೆ, "ಸರಿ ಕಣೇ ಮುಳ್ಳುಹಂದಿ," ಎಂದ. ಅವನಿಗೆ ಒಳ್ಳೆಯದಾಗಲಿ.

ನಿನ್ನ ಪದ್ಧತಿಯ ಪ್ರಕಾರ ಇವರು ಯಾರೂ ನಿನಗೆ ಇದನ್ನು ಹೇಳುವುದಿಲ್ಲ. ಇಡೀ ಕಣಿವೆಗೆ ಗೊತ್ತಿದ್ದು ನಿನಗೊಬ್ಬನಿಗೆ ಗೊತ್ತಿಲ್ಲದೆ ಇರುವುದು ನನಗೆ ಬೇಡ. ಅದಕ್ಕೆ ನಾನೇ ಹೇಳುತ್ತಿದ್ದೇನೆ. ನೀನು ಮುಚ್ಚಿಟ್ಟೆ, ನನಗೆ ಸಿಟ್ಟು ಬಂದಿದೆ. ನನಗೆ ಭಯವೂ ಆಗಿದೆ. ಎರಡೂ ನಿಜ.

ದೆಸೊಲಿನಾ

*

ಬೊಲೊನ್ಯ
13 ಮಾರ್ಚ್ 1979

ದೆಸೊಲಿನಾ,

ಮೂರು ವಾರ ಉತ್ತರ ಬರೆಯಲಿಲ್ಲ. ಮೊದಲನೇ ವಾರ ಸಿಸ್ಟರ್ ಮೇಲೆ ಸಿಟ್ಟಿತ್ತು. ಎರಡನೇ ವಾರ ನಿನ್ನ ಮೇಲೆ. ಮೂರನೇ ವಾರ ಸಿಟ್ಟು ಮಾಡಲು ನಾನೊಬ್ಬನೇ ಉಳಿದಿದ್ದೆ.

ಇಡೀ ಕಣಿವೆ ಕೇಳಿತು ಎಂಬುದನ್ನು ನಾನು ನಂಬಿರಲಿಲ್ಲ. ನಿನ್ನ ಅಭ್ಯಾಸದಂತೆ ಸ್ವಲ್ಪ ಉಪ್ಪುಖಾರ ಸೇರಿಸಿದ್ದೀಯ ಎಂದುಕೊಂಡೆ. ಆಮೇಲೆ ಕಾಗದಗಳು ಬರತೊಡಗಿದವು. ಇವತ್ತಿಗೆ ಒಂಬತ್ತು. ಇಷ್ಟು ದಿನ ಒಂದು ಕಾರ್ಡನ್ನೂ ಹಾಕದವರು! ಜನರಲ್ ಬಸ್ಸಿನ ಹೊಸ ಟಯರುಗಳ ಬಗ್ಗೆ ಎರಡು ಪುಟ ಬರೆದಿದ್ದಾನೆ. ಕೆನೆ ತನ್ನ ಅತ್ತೆಗೆ ಮಂಡಿನೋವು ಎಂದು ಬರೆದು, "ಮಂಡಿ" ಎಂಬುದನ್ನು ಶಾಯಿಯಲ್ಲಿ ಹೊಡೆದುಹಾಕಿ "ಹಲ್ಲುನೋವು" ಮಾಡಿದ್ದಾನೆ. ಮಿಲ್ಲಿನವರು ಹವಾಮಾನ ಬರೆದಿದ್ದಾರೆ. ಒಂಬತ್ತು ಕಾಗದದಲ್ಲಿ ಕಾಲು ಎಂಬ ಮಾತು ಒಂದು ಕಡೆಯೂ ಇಲ್ಲ. ಪಕ್ಕದ ಮಂಚದವನಿಗೆ ಓದಿ ಹೇಳಿ ನಗುತ್ತಿದ್ದೆ. ನಗುತ್ತಲೇ ಅತ್ತುಬಿಟ್ಟೆ, ಅವನು ಗಾಬರಿಯಾಗಿ ಗಂಟೆ ಬಾರಿಸಿದ.

ನೀನು ಭಯವಾಗುತ್ತದೆ ಎಂದದ್ದಕ್ಕೆ ನನಗೆ ಬೇಸರವಿಲ್ಲ. ಇನ್ನು ಮುಚ್ಚುಮರೆ ಬೇಡ, ನೇರವಾಗಿ ಬರೆಯುತ್ತೇನೆ. ನನಗೆ ಮತ್ತೆ ಲಾರಿ ಓಡಿಸಲಾಗುವುದಿಲ್ಲ. ಜೀಪನ್ನೂ ಓಡಿಸಲಾಗುವುದಿಲ್ಲ. ನನಗೆ ಗೊತ್ತಿದ್ದ ಇನ್ನೊಂದೇ ಕೆಲಸ ಆ ಬೆಳಗಿನ ಅರ್ಧ ಗಂಟೆ. ಅದನ್ನು ನೀನು ನನಗಿಂತ ಚೆನ್ನಾಗಿ ಮಾಡುತ್ತಿದ್ದೀಯ, ಒಂಬತ್ತು ಕಾಗದದಲ್ಲೂ ಅದೊಂದನ್ನು ಎಲ್ಲರೂ ತಪ್ಪದೆ ಬರೆದಿದ್ದಾರೆ. ಓದಿ ಹೆಮ್ಮೆಯೂ ಆಯಿತು, ಹೊಟ್ಟೆಯೂ ಉರಿಯಿತು. ಅಲ್ಲಿ ಬಂದು ನಾನು ಏನಾಗಬೇಕು? ಒಲೆಯ ಪಕ್ಕ ಕೂತು ನೀನು ಜೀಪು ಹತ್ತುವುದನ್ನು ನೋಡಲೇ? ಟ್ಯೂರಿನ್‌ನಲ್ಲಾದರೆ ನನ್ನನ್ನು ಎರಡು ಕಾಲಲ್ಲಿ ಕಂಡವರು ಯಾರೂ ಇಲ್ಲ.

ಗಾಸ್ಪರೆ ಏಪ್ರಿಲ್ ಎರಡರಂದು ಕರೆದುಕೊಂಡು ಹೋಗಲು ಬರುತ್ತಾನೆ.

ಇಲಾರಿಯೊ

*

ಮೊಂತರ್ಸೊ
19 ಮಾರ್ಚ್ 1979

ಇಲಾರಿಯೊ,

ಕಳೆದ ಮಂಗಳವಾರ ಏನಾಯಿತು ಎಂದು ಹೇಳುತ್ತೇನೆ, ಮೊದಲು ಅದನ್ನು ಓದು.

ನಾನು ಆರಕ್ಕೆ ನೆತ್ತಿಯ ಮೇಲಿದ್ದೆ. ನೆತ್ತಿಯಿಂದ ಆಚೆ ಮಗ್ಗುಲೆಲ್ಲ ಕೇಳಿಸುತ್ತದೆ, ಆದರೆ ನಮ್ಮ ಊರಿನ ಕೆಳಗಿನ ಹಿಟ್ಟಿನ ಗಿರಣಿ ಕೇರಿ ಗುಡ್ಡದ ಮರೆ. ಅದಕ್ಕೆ ನಮ್ಮ ಮನೆಯ ಆಂಟೆನಾವೇ ಗತಿ, ಇದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಗಿರಣಿ ಕೇರಿಯ ಮುದುಕಿ ಅರ್ಜೀಯಾ ಅವತ್ತು ಮಗನ ರೇಡಿಯೋ ಹಿಡಿದು ಬ್ರೇಕ್ ಕೇಳಿದ್ದಾಳೆ. ಸೊಸೆಗೆ ತಿಂಗಳು ತುಂಬುವ ಮೊದಲೇ ಹೆರಿಗೆ ನೋವು ಶುರುವಾಗಿತ್ತು. ನಮ್ಮ ಅಡುಗೆಮನೆಯ ಕಪಾಟಿನ ಮೇಲೆ ಆ ಮುದುಕಿಯ ದನಿ ಬರುತ್ತಲೇ ಇತ್ತು. ಕೇಳಲು ಅಲ್ಲಿ ಯಾರೂ ಇರಲಿಲ್ಲ. ನಲವತ್ತು ನಿಮಿಷ ಕರೆದಿದ್ದಾಳೆ. ಕೊನೆಗೆ ಕೆನೆಯ ಲಾರಿ ಆ ಕಡೆ ಇಳಿದಾಗ ಅವನಿಗೆ ಕೇಳಿಸಿತು, ಸೂಲಗಿತ್ತಿಯನ್ನು ಕರೆದುಕೊಂಡು ಓಡಿದ. ತಾಯಿ, ಮಗು ಇಬ್ಬರೂ ಉಳಿದರು. ಹೆಣ್ಣು ಮಗು, ಎರಡು ಕಿಲೋ ಕೂಡ ಇಲ್ಲ.

ಸಂಜೆ ಹೋಗಿ ನೋಡಿದೆ. ಮುದುಕಿ ನನ್ನನ್ನು ಬೈಯಲಿಲ್ಲ. "ಮೊದಲು ಗೂಬೆ ನೆತ್ತಿ ಮೇಲಿದ್ರೆ ನೀನು ಮನೇಲಿರ್ತಿದ್ದೆ ಕಣಮ್ಮಾ. ರೇಡಿಯೋ ಕೂಗಿದ್ರೆ ಕಿವಿಗಾದ್ರೂ ಬೀಳ್ತಿತ್ತು, ಓಡಿ ಬರ್ತಿದ್ದೆ. ಈಗ ಮನೇಲಿ ಯಾರಿದಾರೆ ಹೇಳು?" ಎಂದಳು.

ನಾನು ಇದನ್ನು ಕನಿಕರದಿಂದ ಬರೆಯುತ್ತಿಲ್ಲ. ನಿನ್ನನ್ನು ಒಲೆಯ ಪಕ್ಕ ಕೂರಿಸಲು ಕರೆಯುತ್ತಲೂ ಇಲ್ಲ. ನೆತ್ತಿ ನನ್ನದು, ಅದನ್ನು ನಿನಗೆ ವಾಪಸ್ಸು ಕೊಡುವುದಿಲ್ಲ, ಅದರ ಆಸೆ ಬಿಡು. ಆದರೆ ಮನೆಯ ರೇಡಿಯೋ ಮುಂದೆ ಒಬ್ಬರು ಬೇಕು. ಇಡೀ ಕಣಿವೆಯ ದನಿ ಗುರುತು ಹಿಡಿಯುವವರು, ಯಾರಿಗೆ ಯಾವಾಗ ಏನು ಬೇಕೆಂದು ಅರ್ಥವಾಗುವವರು, ನನ್ನ ಸುದ್ದಿಯನ್ನು ಆಚೆಯಿಂದ ಈಚೆಗೆ ದಾಟಿಸುವವರು. ಅದಕ್ಕೆ ಕಿವಿ ಬೇಕು, ತಾಳ್ಮೆ ಬೇಕು. ತಾಳ್ಮೆ ನನಗಿಲ್ಲ, ನಿನಗಿದೆ. ನಿನ್ನ ಬದಲಿಗೆ ಜನರಲ್‌ನ ಹೆಂಡತಿಯನ್ನು ಕೂರಿಸಬಹುದು. ಆದರೆ ಅವಳು ಮೂರು ಎಣಿಸುವವಳಲ್ಲ, ಒಂದಕ್ಕೇ ಬಾಯಿ ತೆರೆಯುತ್ತಾಳೆ.

ಕಾಲಿನ ಮಾತು. ಒಂದು ತಿಂಗಳಿಂದ ದಿನವೂ ಆ ಭಯವನ್ನು ಓಡಿಸಲು ನೋಡಿದೆ, ಹೋಗಲಿಲ್ಲ. ಈಗಲೂ ಇದೆ. ಅದು ಹೋದ ಮೇಲೆ ಬರುತ್ತೇನೆ ಎಂದು ಕೂತರೆ ನೀನು ಟ್ಯೂರಿನ್ ಸೇರಿರುತ್ತೀಯ. ಹಾಗಾಗಿ ಭಯಪಟ್ಟುಕೊಂಡೇ ಬರುತ್ತೇನೆ. ನೋಡಿದಾಗ ನನ್ನ ಮುಖ ಹೇಗಾಗುತ್ತದೋ ನನಗೆ ಗೊತ್ತಿಲ್ಲ. ನಾನು ಅತ್ತರೆ ಅಳುತ್ತೇನೆ, ನೀನು ಅದನ್ನು ಸಹಿಸಿಕೊಳ್ಳಬೇಕು.

ಗಾಸ್ಪರೆಗೆ ಬರಬೇಡ ಎಂದು ಬರೆದಿದ್ದೇನೆ. ಏಪ್ರಿಲ್ ಒಂದು, ಭಾನುವಾರ, ಹನ್ನೊಂದು ಗಂಟೆಗೆ ಆಸ್ಪತ್ರೆಯ ಬಾಗಿಲಲ್ಲಿ ಜೀಪು ನಿಲ್ಲುತ್ತದೆ. ನೀನು ಹತ್ತದಿದ್ದರೆ ಅಲ್ಲೇ ನಿಂತಿರುತ್ತದೆ.

ದೆಸೊಲಿನಾ

*

ಬೊಲೊನ್ಯ
25 ಮಾರ್ಚ್ 1979

ದೆಸೊಲಿನಾ,

ಗಾಸ್ಪರೆಯ ಕಾಗದವೂ ಬಂತು. ನಿನ್ನ ಹೆಂಡತಿಗೆ ಎದುರಾಡುವಷ್ಟು ಗುಂಡಿಗೆ ನನಗಿಲ್ಲ ಎಂದು ಬರೆದಿದ್ದಾನೆ. ಭಾನುವಾರ ಬಾ. ಹತ್ತುತ್ತೇನೆ.

ಒಂದು ವಿಷಯ ನಿನಗೆ ಹೇಳಬೇಕು, ಸಿಸ್ಟರ್ ಪಿಯೆರೀನಾಗೂ ಇದು ಪೂರ್ತಿ ಗೊತ್ತಿಲ್ಲ. ಮೂರೂವರೆ ತಿಂಗಳಿಂದ ದಿನ ಬಿಟ್ಟು ದಿನ ಅವರು ಗಾಯದ ಪಟ್ಟಿ ಬಿಚ್ಚಿ, ತೊಳೆದು ಕಟ್ಟುತ್ತಾರೆ. ಪ್ರತಿಸಲವೂ ನಾನು ಮೇಲೆ ಚಾವಣಿ ನೋಡುತ್ತೇನೆ. ಅಲ್ಲಿ ಒಂದು ಬಿರುಕಿದೆ, ಅದರ ಕವಲುಗಳು ಏಳು. ಕೆಳಗೆ ಏನಿದೆ ಎಂದು ನಾನು ಇವತ್ತಿನವರೆಗೂ ನೋಡಿಲ್ಲ. ನನಗೂ ಭಯ ಕಣೇ.

ಭಾನುವಾರ ಅವರು ಪಟ್ಟಿ ಬಿಚ್ಚುವ ಹೊತ್ತಿಗೆ ಬಂದುಬಿಡು. ಇಬ್ಬರೂ ಒಟ್ಟಿಗೆ ನೋಡೋಣ.

ಇಲಾರಿಯೊ